ಕಂಪ್ಯೂಟರ್ ಕೇಳಿ: ನನ್ನ ಪ್ರೋಗ್ರಾಂ ಎಲ್ಲರ ಡೆಸ್ಕ್‌ಟಾಪ್‌ನಲ್ಲಿ!

ಪ್ರಶ್ನೆ: ರಜೆಯ ದಿನಗಳಲ್ಲಿ ಕೂತು ಪೈಥಾನ್‌ನಲ್ಲಿ ಸ್ಟಾಕ್ ಲೆಕ್ಕದ ಪುಟ್ಟ ಪ್ರೋಗ್ರಾಂ ಬರೆದಿದ್ದೇನೆ. ಆಫೀಸಿನ ನನ್ನ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ ಇಟ್ಟಿದ್ದೆ. ಎಲ್ಲ ಕಂಪ್ಯೂಟರ್‌ಗಳೂ ಒಂದೇ ನೆಟ್‌ವರ್ಕ್‌ನಲ್ಲಿವೆ. ಮೊನ್ನೆ ನೋಡಿದರೆ ನಾಲ್ಕು ಜನರ ಡೆಸ್ಕ್‌ಟಾಪ್ ಮೇಲೆ ನನ್ನದೇ ಪ್ರೋಗ್ರಾಂ! ಅವರು ಬಳಸಲಿ, ಬೇಜಾರಿಲ್ಲ. ಆದರೆ ಕಾಪಿ ಮಾಡಬಾರದು. ದಾರಿ ಇದೆಯೇ?
– ಹೆಸರು ಬೇಡ ಎಂದಿರುವ ಓದುಗರು

ಉತ್ತರ: ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಲೇಬಲ್ ಪ್ರಿಂಟ್ ಮಾಡುವ ಪ್ರೋಗ್ರಾಂ ಒಂದನ್ನು ಬರೆದಿದ್ದೆ. ಎರಡು ತಿಂಗಳ ಮೇಲೆ ಇನ್ನೊಂದು ವಿಭಾಗಕ್ಕೆ ಹೋದರೆ ಅಲ್ಲೂ ಅದೇ ಓಡುತ್ತಿತ್ತು, ಮೇಲ್ಗಡೆ ಬೇರೆಯವರ ಹೆಸರು. ಕೇಳಿದ್ದಕ್ಕೆ 'ನಾವೇ ಮಾಡಿದ್ದು' ಅಂದರು. ಸುಮ್ನೆ ನಿಂತು ನೋಡಿದೆ. ಪ್ರಿಂಟ್ ಮುಗಿದು ಕೊನೆಯ ಸಂದೇಶ ಬಂತು: 'ಧನ್ಯವದಗಳು'. ನಾನು ಮರೆತಿದ್ದ ದೀರ್ಘ ಅಲ್ಲೂ ಇರಲಿಲ್ಲ! ಕದ್ದವರು ಹೆಸರು ಬದಲಿಸಿದ್ದರು, ಕಾಗುಣಿತ ನೋಡಿರಲಿಲ್ಲ. ಆದರೆ ತಪ್ಪು ನನ್ನದೂ ಇತ್ತು. ಯಾರಿಗೋ ಒಂದು ಫೈಲ್ ಕೊಡಲು ಅಂತ ಇಡೀ ಡ್ರೈವನ್ನೇ ಶೇರ್ ಮಾಡಿ, ತೆಗೆಯುವುದನ್ನು ಮರೆತಿದ್ದೆ.

ನೀವೂ ಮೊದಲು ಅದನ್ನೇ ನೋಡಿ. ಕಮಾಂಡ್ ಪ್ರಾಂಪ್ಟ್ ತೆರೆದು 'net share' (ನೆಟ್ ಶೇರ್) ಎಂದು ಟೈಪ್ ಮಾಡಿದರೆ ನಿಮ್ಮ ಕಂಪ್ಯೂಟರ್ ಏನೇನು ಹಂಚಿಕೊಂಡಿದೆ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಹೆಸರಿನ ಕೊನೆಗೆ ಡಾಲರ್ ಗುರುತು ಇರುವ ಸಿ, ಡಿ ಕಂಡರೆ ಗಾಬರಿ ಬೇಡ. ಅವು ವಿಂಡೋಸ್ ತಾನೇ ಮಾಡಿಕೊಂಡವು, ಅಡ್ಮಿನ್ ಅಧಿಕಾರ ಇರುವವರಿಗೆ ಮಾತ್ರ ತೆರೆಯುತ್ತವೆ. ಅಂದರೆ ನಿಮ್ಮ ನೆಟ್‌ವರ್ಕ್ ನೋಡಿಕೊಳ್ಳುವವರಿಂದ ಏನನ್ನೂ ಬಚ್ಚಿಡಲು ಆಗುವುದಿಲ್ಲ, ಅದನ್ನು ಒಪ್ಪಿಕೊಂಡುಬಿಡಿ. ಉಳಿದಂತೆ ನೀವು ಮಾಡಿದ ಶೇರ್ ಏನಾದರೂ ಇದ್ದು, ಅದರ ಅನುಮತಿಯಲ್ಲಿ 'ಎವ್ರಿವನ್', ಅಂದರೆ ಎಲ್ಲರೂ ಎಂದು ಇದ್ದರೆ, ತೂತು ಅಲ್ಲೇ.

ಇನ್ನೊಂದು ತೂತು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಡಿ ಡ್ರೈವ್‌ನಲ್ಲಿ ನೇರವಾಗಿ ಮಾಡಿದ ಫೋಲ್ಡರನ್ನು ಅದೇ ಕಂಪ್ಯೂಟರಿಗೆ ಬೇರೆ ಲಾಗಿನ್‌ನಿಂದ ಬಂದವರೂ ಸಾಮಾನ್ಯವಾಗಿ ತೆರೆಯಬಹುದು. ನಿಮ್ಮ ಯೂಸರ್ ಫೋಲ್ಡರ್ ಒಳಗಿನದನ್ನು ಹಾಗೆ ತೆರೆಯಲು ಬರುವುದಿಲ್ಲ. ಹಾಗಾಗಿ ಪ್ರೋಗ್ರಾಂ ಅಲ್ಲಿಗೆ ಹೋಗಲಿ. ಎಲ್ಲರೂ ಒಂದೇ ಲಾಗಿನ್ ಬಳಸುತ್ತಿದ್ದರೆ ಮಾತ್ರ ಈ ಯಾವ ಬೀಗಕ್ಕೂ ಅರ್ಥವಿಲ್ಲ. ಬೀಗದ ಕೈ ಎಲ್ಲರ ಜೇಬಲ್ಲೂ ಇದ್ದಂತೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಬಳಸಲಿ, ಕಾಪಿ ಬೇಡ. ಶೇರ್ ಮಾಡಿದ ಫೋಲ್ಡರಿನಿಂದ ಇದು ಆಗದ ಮಾತು. ಯಾಕೆಂದರೆ ನಿಮ್ಮ ಗೆಳೆಯರು ಡಬಲ್ ಕ್ಲಿಕ್ ಮಾಡಿದಾಗ ಪ್ರೋಗ್ರಾಂ ಓಡುವುದು ನಿಮ್ಮ ಕಂಪ್ಯೂಟರಿನಲ್ಲಲ್ಲ, ಅವರದರಲ್ಲಿ. ಫೈಲ್ ನೆಟ್‌ವರ್ಕ್ ಮೂಲಕ ಅವರ ಮೆಮೊರಿಗೆ ಬಂದ ಮೇಲೇ ಅದು ಓಡುತ್ತದೆ. ಓದಲು ಬಿಟ್ಟದ್ದನ್ನು ಕಾಪಿ ಮಾಡಬೇಡ ಎಂದು ಕಂಪ್ಯೂಟರಿಗೆ ಹೇಳುವುದು ಹೇಗೆ? ಲಿನಕ್ಸ್‌ನಲ್ಲಿ ಓದುವ ಅನುಮತಿ ಕೊಡದೆ ಓಡಿಸುವ ಅನುಮತಿ ಮಾತ್ರ ಕೊಡಲು ಬರುತ್ತದೆ. ಆದರೆ ಅದು ಕಂಪೈಲ್ ಆದ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿಟ್ಟ ಪ್ರೋಗ್ರಾಂಗಳಿಗೆ. ಪೈಥಾನ್ ಸ್ಕ್ರಿಪ್ಟನ್ನು ಓದದೆ ಓಡಿಸಲು ಆಗುವುದಿಲ್ಲ. ಪೈಇನ್‌ಸ್ಟಾಲರ್ ಎಂಬ ಟೂಲ್ ಹಾಕಿ ಇಎಕ್ಸ್‌ಇ (ನೇರವಾಗಿ ಓಡುವ ಫೈಲ್) ಮಾಡುತ್ತೇನೆ ಅನ್ನುತ್ತೀರಾ? ಅದೊಂದು ಗಂಟು ಅಷ್ಟೇ. ಬಿಚ್ಚುವ ಟೂಲ್‌ಗಳು ಪುಕ್ಕಟೆ ಸಿಗುತ್ತವೆ. ಮೇಲಾಗಿ ಇಎಕ್ಸ್‌ಇಯನ್ನು ಬಿಚ್ಚದೆಯೇ ಕಾಪಿ ಮಾಡಬಹುದಲ್ವಾ!

ನಾನಾಗಿದ್ದರೆ ಫೋಲ್ಡರ್ ಶೇರನ್ನೇ ತೆಗೆದುಹಾಕಿ, ಪ್ರೋಗ್ರಾಂ ನನ್ನ ಕಂಪ್ಯೂಟರಿನಲ್ಲೇ ಓಡುವ ಹಾಗೆ ಮಾಡುತ್ತಿದ್ದೆ. ಪೈಥಾನ್ ಗೊತ್ತಿರುವ ನಿಮಗೆ ಫ್ಲಾಸ್ಕ್ (ಪೈಥಾನ್ ಪ್ರೋಗ್ರಾಂ ಅನ್ನು ವೆಬ್ ಪುಟವಾಗಿ ತೋರಿಸುವ ಸಾಧನ) ಕಷ್ಟವಲ್ಲ. ಒಂದು ಪುಟ, ಅದರಲ್ಲಿ ನಾಲ್ಕು ಖಾನೆ, ಒಂದು ಬಟನ್. ಹೋಸ್ಟ್ 0.0.0.0 ಎಂದು ಕೊಟ್ಟು ಓಡಿಸಿ, ಇಲ್ಲದಿದ್ದರೆ ಪುಟ ನಿಮ್ಮ ಕಂಪ್ಯೂಟರಿಗೆ ಮಾತ್ರ ಕಾಣುತ್ತದೆ. ಗೆಳೆಯರು ತಮ್ಮ ಬ್ರೌಸರಿನಲ್ಲಿ ನಿಮ್ಮ ಕಂಪ್ಯೂಟರಿನ ವಿಳಾಸ, ಪೋರ್ಟ್ 5000 ಹೊಡೆದರೆ ಪುಟ ಬರುತ್ತದೆ. ಅಂಕಿ ತುಂಬುತ್ತಾರೆ, ಲೆಕ್ಕ ನಿಮ್ಮಲ್ಲಿ ನಡೆಯುತ್ತದೆ, ಉತ್ತರ ಮಾತ್ರ ಅವರಿಗೆ ಹೋಗುತ್ತದೆ. ಕೋಡ್ ನಿಮ್ಮ ಡ್ರೈವ್ ಬಿಟ್ಟು ಕದಲುವುದೇ ಇಲ್ಲ. ಒಂದು ಎಚ್ಚರ: ಬರೆಯುವಾಗ ಅನುಕೂಲಕ್ಕೆಂದು ಹಾಕಿಕೊಂಡ, ತಪ್ಪು ಹುಡುಕಲು ನೆರವಾಗುವ 'ಡೀಬಗ್ ಮೋಡ್' ಅನ್ನು ಆಮೇಲೆ ಆಫ್ ಮಾಡಿ. ಇಲ್ಲದಿದ್ದರೆ ಎರರ್ ಬಂದಾಗ ನಿಮ್ಮ ಕೋಡಿನ ಸಾಲುಗಳು ಅವರ ಪರದೆ ಮೇಲೇ ಕಾಣುತ್ತವೆ. ಮತ್ತೆ, ಫೈರ್‌ವಾಲ್‌ನಲ್ಲಿ ಪೋರ್ಟ್ ತೆರೆಯುವ ಮೊದಲು ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ. ನೀವು ರಜೆ ಹಾಕಿ ಕಂಪ್ಯೂಟರ್ ಆರಿಸಿದ ದಿನ ಅವರಿಗೂ ಲೆಕ್ಕ ಇಲ್ಲ, ಅದೊಂದು ತೊಂದರೆ ಇದ್ದೇ ಇದೆ.

ಅಂದಹಾಗೆ, ಈ ಕಾಪಿ ಜಗಳ ಹೊಸದೇನಲ್ಲ. ಬಿಲ್ ಗೇಟ್ಸ್ 1976ರಲ್ಲೇ ತಮ್ಮ ಬೇಸಿಕ್ ಪ್ರೋಗ್ರಾಂ ಕಾಪಿ ಮಾಡಿಕೊಂಡವರ ಮೇಲೆ ಸಿಟ್ಟಾಗಿ ಬಹಿರಂಗ ಪತ್ರ ಬರೆದಿದ್ದರು. ಆಗ ಅದು ಓಡಾಡುತ್ತಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿಯ ಮೇಲೆ!

ಪ್ರಶ್ನೆ: ಫೋಲ್ಡರನ್ನು ಹಿಡನ್ ಮಾಡಿ, ಶೇರ್ ಹೆಸರಿನ ಕೊನೆಗೆ ಡಾಲರ್ ಗುರುತು ಹಾಕಿದರೆ ಸಾಕೇ?

ಉತ್ತರ: ಸಾಲದು. ನೆಟ್‌ವರ್ಕ್‌ನಲ್ಲಿ ಬೇರೆಯವರು ನೋಡುವ ಪಟ್ಟಿಯಲ್ಲಿ ಕಾಣುವುದಿಲ್ಲ, ಅಷ್ಟೇ. ಹೆಸರು ಗೊತ್ತಿದ್ದು, ಅನುಮತಿಯೂ ಇರುವವರು ಟೈಪ್ ಮಾಡಿ ಒಳಗೆ ಬರುತ್ತಾರೆ. ಪೂರ್ತಿ ಬಚ್ಚಿಡಲೇಬೇಕಾದ್ದನ್ನು ಸೆವೆನ್-ಜಿಪ್ ಎಂಬ ಫೈಲ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿಡಿ. ಕಟ್ಟಿದ ಮೇಲೆ ಹಳೆಯ ಬಿಚ್ಚಿದ ಫೋಲ್ಡರ್ ಅಳಿಸುವುದನ್ನು ಮರೆಯಬೇಡಿ. ಮರೆಯುವವರೇ ಜಾಸ್ತಿ.

ಪ್ರಶ್ನೆ: ನನ್ನ ಪೋರ್ಟಬಲ್ ಫೈರ್‌ಫಾಕ್ಸ್ ಫೋಲ್ಡರನ್ನು ಯಾರೋ ಕಾಪಿ ಮಾಡಿಕೊಂಡಿದ್ದಾರೆ. ಪುಕ್ಕಟೆ ಸಾಫ್ಟ್‌ವೇರ್ ತಾನೇ, ಬಿಡಲೇ?

ಉತ್ತರ: ಬಿಡಬೇಡಿ! ಅವರು ಒಯ್ದದ್ದು ಬರೀ ಬ್ರೌಸರ್ ಅಲ್ಲ. ಅದರೊಳಗೆ ನಿಮ್ಮ ಪ್ರೊಫೈಲ್ ಫೋಲ್ಡರ್ ಇದೆ, ಅದರಲ್ಲಿ ನೀವು ಉಳಿಸಿದ ಪಾಸ್‌ವರ್ಡ್‌ಗಳಿವೆ, ಅವನ್ನು ಬಿಚ್ಚುವ ಕೀ ಕೂಡ ಪಕ್ಕದಲ್ಲೇ ಇದೆ. ಪ್ರೈಮರಿ ಪಾಸ್‌ವರ್ಡ್ (ಉಳಿಸಿದವನ್ನೆಲ್ಲ ಕಾಯುವ ಒಂದು ಪಾಸ್‌ವರ್ಡ್) ಇಟ್ಟಿರದಿದ್ದರೆ ಅವರು ಬ್ರೌಸರ್ ತೆರೆದು ಎಲ್ಲವನ್ನೂ ಓದಬಹುದು. ಈಗ ಪ್ರೈಮರಿ ಪಾಸ್‌ವರ್ಡ್ ಇಟ್ಟರೆ ನಿಮ್ಮ ಫೋಲ್ಡರಿಗೆ ಮಾತ್ರ ರಕ್ಷಣೆ, ಅವರ ಕೈಯಲ್ಲಿರುವ ಕಾಪಿಗೆ ಅಲ್ಲ. ಅದಕ್ಕೇ ಇವತ್ತೇ ಬೇರೆ ಕಂಪ್ಯೂಟರಿನಲ್ಲಿ ಕೂತು ಒಂದೊಂದೇ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದಲೂ ಲಾಗ್ ಔಟ್ ಮಾಡಿ. ಇಮೇಲ್‌ನಿಂದ ಶುರುಮಾಡಿ.