ಸಮ್ಮಿಳನ ಸ್ಥಾವರ: ಖರ್ಚಿನ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಳನ ವಿದ್ಯುತ್ ಸ್ಥಾವರಕ್ಕೆ ಇಂಧನ ಬಲು ಅಗ್ಗ ಅನ್ನುತ್ತಾರೆ. ಹಾಗಿದ್ದರೆ ವಿದ್ಯುತ್ತೂ ಅಗ್ಗವಾಗಬೇಕಲ್ಲವೇ?

ಉತ್ತರ: ಆಗಬೇಕಿಲ್ಲ. ಇಲ್ಲಿ ಇಂಧನದ ಪಾಲು ತೀರಾ ಸಣ್ಣದು. ಕಟ್ಟುವ ಖರ್ಚು ಮತ್ತು ಅದರ ಬಡ್ಡಿಯೇ ದೊಡ್ಡದು.

ಮೊದಲು ನಿವ್ವಳ ವಿದ್ಯುತ್ ಎಷ್ಟೆಂದು ನೋಡಿ. ಜನರೇಟರ್ 1000 ಮೆಗಾವ್ಯಾಟ್ ಕೊಟ್ಟು, ಪ್ಲಾಸ್ಮಾ (ಅತಿ ಬಿಸಿಯಾದ, ಅನಿಲದಂಥ ಇಂಧನ) ಕಾಯಿಸಲು, ಅದನ್ನು ಹಿಡಿದಿಡುವ ಅಯಸ್ಕಾಂತ ತಣಿಸಲು, ಪಂಪುಗಳಿಗೆ 300 ಹೋದರೆ ಮಾರಲು ಉಳಿಯುವುದು 700. ಬಂಡವಾಳವನ್ನು 1000ದಿಂದ ಭಾಗಿಸಿದವರು ಪ್ರತಿ ಕಿಲೋವ್ಯಾಟ್ ವೆಚ್ಚವನ್ನು ಶೇ. 30 ಕಡಿಮೆ ತೋರಿಸಿದಂತೆ. ಜಾಹೀರಾತಿನ ಅಂಕಿಗಳಲ್ಲಿ ಈ ಜಾಣತನ ಸಾಮಾನ್ಯ!

ಆಮೇಲೆ ಬಡ್ಡಿ. ಎಂಟು ವರ್ಷ ಸಮನಾಗಿ ಖರ್ಚು ಮಾಡಿ ಶೇ. 8ರ ಬಡ್ಡಿ ಹಾಕಿದರೆ ಮೂಲ ವೆಚ್ಚಕ್ಕೆ ಸುಮಾರು ಮೂರನೇ ಒಂದು ಭಾಗ ಸೇರುತ್ತದೆ. ಕೆಲಸ ಹನ್ನೆರಡು ವರ್ಷಕ್ಕೆ ಎಳೆದರೆ ಸುಮಾರು ಶೇ. 58.

ಹೆಚ್ಚಿನವರು ಮರೆಯುವುದು ಬಿಡಿಭಾಗಗಳನ್ನು. ಸಮ್ಮಿಳನದಲ್ಲಿ ಹೊಮ್ಮುವ ನ್ಯೂಟ್ರಾನ್ ಹೊಡೆತಕ್ಕೆ ಒಳಗೋಡೆಯ ಬ್ಲಾಂಕೆಟ್ (ಶಾಖ ಹೀರುವ ಹೊದಿಕೆ), ಡೈವರ್ಟರ್ (ಪ್ಲಾಸ್ಮಾದ ಬಿಸಿ, ಕಸ ಹೊರಹಾಕುವ ಭಾಗ) ಸವೆಯುತ್ತವೆ. ವಿಕಿರಣದಿಂದಾಗಿ ಅವನ್ನು ರೋಬೋಟ್‌ಗಳೇ ಬದಲಿಸಬೇಕು, ಅಷ್ಟು ದಿನ ಸ್ಥಾವರ ಬಂದ್. ವರ್ಷದಲ್ಲಿ ಸ್ಥಾವರ ಓಡುವ ಪಾಲು ಶೇ. 75ರಿಂದ 50ಕ್ಕೆ ಇಳಿದರೆ ಪ್ರತಿ ಯೂನಿಟ್ಟಿನ ಬಂಡವಾಳ ವೆಚ್ಚ ಒಂದೂವರೆ ಪಟ್ಟಾಗುತ್ತದೆ.

ಪ್ರಶ್ನೆ: ಐಟರ್ ವೆಚ್ಚವನ್ನೇ ಅಳತೆಗೋಲು ಮಾಡಬಹುದೇ?

ಉತ್ತರ: ನೇರವಾಗಿ ಬೇಡ. ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಸಮ್ಮಿಳನದ ಪ್ರಯೋಗಯಂತ್ರ. ಅದು ವಿದ್ಯುತ್ ಉತ್ಪಾದಿಸುವುದಿಲ್ಲ, ಟರ್ಬೈನೂ ಇಲ್ಲ. ಸದಸ್ಯ ದೇಶಗಳು ಭಾಗಗಳನ್ನು ಹಂಚಿಕೊಂಡು ತಯಾರಿಸುವುದರಿಂದ ಅದರ ಒಟ್ಟು ಖರ್ಚನ್ನು ಒಂದೇ ಹಣದಲ್ಲಿ ಹೇಳುವುದೂ ಕಷ್ಟ. ಅಯಸ್ಕಾಂತ, ಪ್ಲಾಸ್ಮಾ ಇರುವ ನಿರ್ವಾತ ಕೋಶದಂಥ ಭಾಗಗಳ ವೆಚ್ಚವನ್ನು ಬಿಡಿಬಿಡಿಯಾಗಿ ನೋಡಿದರೆ ಉಪಯೋಗವಿದೆ.