ಆಣೆ, ಕುಕ್ಕರ್ ಮತ್ತು ಒಂದು ವೋಟು

(ಹೆಸರು, ವಯಸ್ಸು, ಊರು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಯಾವ ಕ್ಷೇತ್ರ, ಯಾವ ಪಕ್ಷ ಅಂತ ಹುಡುಕಲು ಹೋಗಬೇಡಿ, ಸಿಗುವುದಿಲ್ಲ.)

ಅವರನ್ನು ಶಾರದಮ್ಮ ಅಂತ ಕರೆಯೋಣ. ವಯಸ್ಸು 63. ಮಲೆನಾಡಿನ ಹಳ್ಳಿ, ಸ್ವಲ್ಪ ಗದ್ದೆ, ಸ್ವಲ್ಪ ತೋಟ. 2023ರ ಏಪ್ರಿಲ್ ಕೊನೆಯಲ್ಲಿ ಮೊದಲ ಸಲ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬಂದರು. ನಿದ್ದೆ ಬರುತ್ತಿಲ್ಲ, ಎದೆ ಹಿಡಿದುಕೊಂಡ ಹಾಗೆ ಆಗುತ್ತದೆ. ಡಾಕ್ಟರು ಇಸಿಜಿ ಮಾಡಿಸಿ, ಹೃದಯ ಚೆನ್ನಾಗಿದೆ, ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಅಂತ ಇತ್ತ ಕಳಿಸಿದ್ದರು.

ಮುಕ್ಕಾಲು ಗಂಟೆ ಸೊಸೆ, ಮೊಮ್ಮಗಳು, ಕಾಳುಮೆಣಸಿನ ರೇಟು ಎಲ್ಲ ಆಯಿತು. ಎದ್ದು ಹೊರಟವರು ಬಾಗಿಲ ಹತ್ತಿರ ನಿಂತು ಕೇಳಿದರು. "ಮೇಡಂ, ದೇವರ ಮೇಲೆ ಆಣೆ ಇಟ್ಟು ತಪ್ಪಿದ್ರೆ ಏನಾಗುತ್ತೆ?"

ನಮ್ಮ ಕೆಲಸದಲ್ಲಿ ಅಸಲಿ ಮಾತು ಬರುವುದು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೇ. ಮತ್ತೆ ಕೂರಿಸಿದೆ.

ಮೇ 10ಕ್ಕೆ ವಿಧಾನಸಭೆ ಚುನಾವಣೆ ಇತ್ತು. ಶಾರದಮ್ಮ ನನ್ನ ಹತ್ತಿರ ಬರುವ ನಾಲ್ಕು ದಿನ ಮುಂಚೆ ರಾತ್ರಿ ಊಟದ ಹೊತ್ತಿಗೆ ಆರೇಳು ಜನ ಮನೆಗೆ ಬಂದಿದ್ದರಂತೆ. ಒಬ್ಬನ ಕೈಯಲ್ಲಿ ಐದು ಲೀಟರಿನ ಕುಕ್ಕರ್, ಇನ್ನೊಬ್ಬನ ಕೈಯಲ್ಲಿ ಮಂಜುನಾಥ ಸ್ವಾಮಿಯ ಫೋಟೋ. ಎಲ್ಲರೂ ಫೋಟೋ ಮುಟ್ಟಿ "ನಮ್ಮವರಿಗೇ ಹಾಕ್ತೀವಿ" ಅನ್ನಬೇಕು. ಮಗ ಅಂದ, ಸೊಸೆ ಅಂದಳು. ಶಾರದಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. ಮಗನೇ ಅವರ ಕೈ ಹಿಡಿದು ಫೋಟೋ ಮೇಲೆ ಇಡಿಸಿದ.

ಅವರ ಮನಸ್ಸಿನಲ್ಲಿ ಇದ್ದದ್ದು ಇನ್ನೊಬ್ಬ ಅಭ್ಯರ್ಥಿ. ಪೇಟೆಯಲ್ಲಿ ಸಾಮಿಲ್ ಇಟ್ಟವರು, ಮುಸ್ಲಿಂ. 2021ರ ಮೇ ತಿಂಗಳಲ್ಲಿ ಶಾರದಮ್ಮನ ಯಜಮಾನರಿಗೆ ಕೊರೊನಾ ಬಂದು, ರಾತ್ರಿ ಹನ್ನೊಂದರ ಹೊತ್ತಿಗೆ ಉಸಿರು ಕಟ್ಟತೊಡಗಿತು. ಮಗ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದ. "ಎತ್ತಿದ್ದು ಅವರೊಬ್ಬರೇ ಮೇಡಂ. ಸಾಮಿಲ್ಲಿನ ಪಿಕಪ್ ಕಳಿಸಿದ್ರು." ಯಜಮಾನರು ಉಳಿಯಲಿಲ್ಲ. ಗಾಡಿ ಬಂದದ್ದು ಮಾತ್ರ ಇವರ ಮನಸ್ಸಿನಲ್ಲಿ ಉಳಿಯಿತು.

"ಮಗನಿಗೆ ಹೇಳಿದ್ರೆ, ಗಾಡಿ ಬೇರೆ ವೋಟು ಬೇರೆ ಅಂತಾನೆ. ನಮ್ಮ ಧರ್ಮದವರನ್ನ ಬಿಟ್ಟು ಅವರಿಗೆ ಹಾಕಿದ್ರೆ ನೀನು ನಮ್ಮ ಮನೆಯವಳೇ ಅಲ್ಲ ಅಂದುಬಿಟ್ಟ."

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸಿಟ್ಟು ಬಂದಿತ್ತು, ಕಾನೂನು ಶುರು ಮಾಡಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಧರ್ಮದ ಹೆಸರಿನಲ್ಲಿ ವೋಟು ಕೇಳುವಂತಿಲ್ಲ. ವೋಟು ಹಾಕದಿದ್ದರೆ ದೇವರು ಮುನಿಯುತ್ತಾನೆ ಅಂತ ಹೆದರಿಸುವುದನ್ನೂ ಅದೇ ಸೆಕ್ಷನ್ ತಪ್ಪು ಅನ್ನುತ್ತದೆ. ಕುಕ್ಕರ್ ಅಂತೂ ಲಂಚವೇ. ಶಾರದಮ್ಮ ಕುಗ್ಗಿಹೋದರು. "ಹಾಗಾದ್ರೆ ನನ್ನ ಮಗನ್ನ ಪೊಲೀಸರು ಹಿಡೀತಾರಾ?" ಅಂದರು. ನಿದ್ದೆ ಬಾರದೆ ಬಂದವರಿಗೆ ನಾನು ಇನ್ನೊಂದು ಭಯ ಕೊಟ್ಟು ಕಳಿಸಿದ್ದೆ.

ಆ ಕಾನೂನಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಜಾಸ್ತಿ ಜನ ತಪ್ಪು ತಿಳಿದಿರುತ್ತಾರೆ. ಧರ್ಮದ ವಿಷಯದಲ್ಲಿ ಅದು ಕಟ್ಟಿಹಾಕುವುದು ವೋಟು ಕೇಳುವವರನ್ನು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ಕಕ್ಕೆ ಮೂರರ ಬಹುಮತದಲ್ಲಿ, ಅಭ್ಯರ್ಥಿ ತನ್ನ ಧರ್ಮದ ಹೆಸರಿನಲ್ಲಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಿನಲ್ಲೂ ವೋಟು ಕೇಳುವಂತಿಲ್ಲ ಅಂದಿತು. ಆದರೆ ವೋಟು ಹಾಕುವವರ ತಲೆಯೊಳಗೆ ಏನಿರಬೇಕು ಅಂತ ಯಾವ ಕೋರ್ಟೂ ಹೇಳಿಲ್ಲ, ಹೇಳಲೂ ಆಗದು. ಶಾರದಮ್ಮ ಸಾಮಿಲ್ಲಿನವರ ಧರ್ಮ ನೋಡಿ ಬೇಡ ಅಂದರೂ ಅಪರಾಧವಲ್ಲ. ಹಾಗಾಗಿ ಇದು ಕಾನೂನಿನಿಂದ ಬಗೆಹರಿಯುವ ಪ್ರಶ್ನೆ ಅಲ್ಲ. ಅವರೇ ಕೂತು ಯೋಚನೆ ಮಾಡಬೇಕಾದ್ದು.

ಮೂರು ದಿನ ಬಿಟ್ಟು ಮತ್ತೆ ಬಂದರು. ಈ ಸಲ ನಾನು ಜಾಸ್ತಿ ಕೇಳಿದೆ, ಕಡಿಮೆ ಮಾತಾಡಿದೆ. ಮೊದಲ ವೋಟು ಯಾವಾಗ ಹಾಕಿದ್ದು ಅಂದೆ. 1983, ಮದುವೆಯಾದ ಹೊಸತು. ಆಗ 21 ತುಂಬಿದವರಿಗೆ ಮಾತ್ರ ವೋಟು, 18ಕ್ಕೆ ಇಳಿದದ್ದು 1989ರಲ್ಲಿ. "ಮಾವ ಹೇಳಿದ ಗುರುತಿಗೆ ಮುದ್ರೆ ಒತ್ತಿ ಬಂದೆ. ಆಮೇಲೆ ಇವರು ಹೇಳಿದ ಕಡೆ. ಈಗ ಮಗ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಲವತ್ತು ವರ್ಷದಲ್ಲಿ ನನಗೇ ಅನ್ನಿಸಿದ್ದು ಇದೊಂದೇ ಸಲ" ಅಂದರು.

ಇದನ್ನು ಕೇಳಿ ಅವರ ಪರ ನಿಂತುಬಿಡುವ ಆಸೆ ಆಯಿತು. ನನಗೂ ಒಂದು ವೋಟಿದೆ, ಒಂದು ಅಭಿಪ್ರಾಯವೂ ಇದೆ. ಆದರೆ ಮಾವ, ಗಂಡ, ಮಗ ಆದಮೇಲೆ ಮೇಡಂ ಅಂತ ನಾಲ್ಕನೆಯವಳಾಗಲು ನನಗೆ ಇಷ್ಟವಿರಲಿಲ್ಲ. ಅದಕ್ಕೇ ಅವರ ಆಯ್ಕೆಯನ್ನೂ ಕೆದಕಿದೆ. "ಅಮ್ಮ, ಅವರಿಗೆ ಹಾಕೋದು ಅವರು ಒಳ್ಳೆ ಶಾಸಕ ಆಗ್ತಾರೆ ಅಂತಲಾ, ಗಾಡಿಯ ಋಣ ತೀರಿಸೋಕಾ?"

ಅವರಿಗೆ ಬೇಜಾರಾಯಿತು. ಮುಖದಲ್ಲೇ ಕಂಡಿತು. ಆದರೂ ಯೋಚಿಸಿದರು. "ಎರಡೂ ಇರಬಹುದು."

ಆಗ ಒಂದು ಮನೆಪಾಠ ಕೊಟ್ಟೆ. ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬರೂ ನಾಮಪತ್ರದ ಜೊತೆ ಅಫಿಡವಿಟ್ ಕೊಡಬೇಕು. ಯಾವ ಕೇಸು ಇದೆ, ಆಸ್ತಿ ಎಷ್ಟು, ಸಾಲ ಎಷ್ಟು, ಓದಿದ್ದು ಎಲ್ಲಿಯವರೆಗೆ, ಎಲ್ಲ ಬರೆಯಬೇಕು. ಧರ್ಮ ಯಾವುದು ಅನ್ನುವ ಕಾಲಂ ಅದರಲ್ಲಿಲ್ಲ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಕಾಲೇಜಿಗೆ ಹೋಗುವ ಮೊಮ್ಮಗಳ ಜೊತೆ ಕೂತು ಇಬ್ಬರದ್ದೂ ಓದಿ ಅಂದೆ.

ಮುಂದಿನ ಸಲ ನಗುತ್ತಾ ಬಂದರು, ಸ್ವಲ್ಪ ನಿರಾಸೆಯ ನಗು. "ನಮ್ಮವರ ಮೇಲೆ ಮೂರು ಕೇಸು ಮೇಡಂ. ಸಾಮಿಲ್ ಸಾಹೇಬ್ರ ಮೇಲೂ ಒಂದು ಚೆಕ್ ಬೌನ್ಸ್. ಆಮೇಲೆ ಅವರಿಗೆ ಎಷ್ಟೊಂದು ಸೈಟು!" ದೇವರ ಹಾಗೆ ಕಂಡಿದ್ದ ಮನುಷ್ಯ ವ್ಯಾಪಾರಿಯಾಗಿ ಕಂಡಿದ್ದರು. ಒಳ್ಳೆಯದೇ ಆಯಿತು. ಧರ್ಮ ನೋಡಿ ಬೇಡ ಅನ್ನುವುದರಲ್ಲೂ, ಉಪಕಾರ ನೆನೆದು ಬೇಕು ಅನ್ನುವುದರಲ್ಲೂ ಎದುರಿಗಿರುವ ಮನುಷ್ಯನನ್ನು ನಾವು ಸರಿಯಾಗಿ ನೋಡಿರುವುದಿಲ್ಲ.

ಆ ಸಲ ಮಗನೂ ಜೊತೆಗೆ ಬಂದಿದ್ದ. ಕರೆದದ್ದು ನಾನೇ. ಮೂವತ್ತಾರರ ಹುಡುಗ, ಬಾಡಿಗೆ ಗಾಡಿ ಓಡಿಸುತ್ತಾನೆ. ಕೂರುವ ಮುಂಚೆಯೇ, "ನಮ್ಮಮ್ಮನ ತಲೆ ಕೆಡಿಸ್ತಿದ್ದೀರಾ ಮೇಡಂ" ಅಂದ. ಅವನನ್ನು ಮತಾಂಧ ಅಂತ ಬರೆದುಬಿಡುವುದು ಸುಲಭ. ಅವನು ಹಾಗಿರಲಿಲ್ಲ. ಅಪ್ಪನಿಗಾಗಿ ಆ ರಾತ್ರಿ ಫೋನ್ ಮಾಡಿದವನು ಅವನೇ ಅಲ್ವಾ?

"ಅವರು ಗೆದ್ದರೆ ನಿಮಗೆ ಏನಾಗುತ್ತೆ ಅನ್ನೋ ಭಯ?" ಅಂದೆ. ಮೊದಲು ವಾಟ್ಸಾಪಿನಲ್ಲಿ ಬಂದ ವಿಡಿಯೋಗಳ ಮಾತು ಬಂತು. ಅದನ್ನು ಬಿಡಿ, ನಿಮ್ಮ ಮನೆಗೆ ಏನಾಗುತ್ತೆ ಅಂತ ಮತ್ತೆ ಕೇಳಿದೆ. ತುಂಬಾ ಹೊತ್ತಾದಮೇಲೆ ವಿಷಯ ಹೊರಗೆ ಬಂತು. ಫಾರಂ 57.

ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ತಲೆಮಾರಿನಿಂದ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನನ್ನು ಹೆಸರಿಗೆ ಮಾಡಿಸಿಕೊಳ್ಳಲು ಹಾಕುವ ಅರ್ಜಿ ಅದು. ಆ ಅರ್ಜಿಯನ್ನು ತೀರ್ಮಾನ ಮಾಡುವುದು ಬಗರ್ ಹುಕುಂ ಸಮಿತಿ, ಅದಕ್ಕೆ ಅಧ್ಯಕ್ಷರು ಶಾಸಕರು. ಇವರದ್ದು ಒಂದೂಕಾಲು ಎಕರೆ, ನಾಲ್ಕು ವರ್ಷದಿಂದ ಬಾಕಿ. "ಅವರು ಬಂದ್ರೆ ಅವರವರಿಗೆ ಮಾಡಿಕೊಡ್ತಾರೆ, ನಮ್ಮ ಫೈಲು ಮೂಲೆಗೆ."

"ನಾಲ್ಕು ವರ್ಷ ಶಾಸಕರಾಗಿದ್ದವರು ಯಾರು?"

"ನಮ್ಮವರೇ." ಆಮೇಲೆ ತಾನೇ ಸೇರಿಸಿದ. "ಆಗಲಿಲ್ಲ, ನಿಜ. ಆದ್ರೆ ನಮ್ಮವರಾದ್ರೆ ಮನೆಗೆ ಹೋಗಿ ಜಗಳ ಆಡಬಹುದು ಮೇಡಂ. ಅವರ ಮನೆ ಮೆಟ್ಟಿಲು ಹತ್ತೋಕೇ ನನಗೆ ಒಂಥರಾ ಆಗುತ್ತೆ."

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಧರ್ಮ ನೋಡಿ ವೋಟು ಹಾಕುವ ಎಷ್ಟೋ ಜನ ನಿಜವಾಗಿ ಕೇಳುತ್ತಿರುವುದು "ಇವರ ಮನೆ ಬಾಗಿಲು ನನಗೆ ತೆರೆಯುತ್ತಾ?" ಅಂತ. ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಧರ್ಮದಿಂದ ಉತ್ತರ ಸಿಗುವುದಿಲ್ಲ ಅಷ್ಟೇ. ಬಾಗಿಲು ತಟ್ಟಿಯೇ ನೋಡಬೇಕು. ಅವನಿಗೆ ಹಾಗೇ ಹೇಳಿದೆ. ಇಬ್ಬರೂ ಪ್ರಚಾರಕ್ಕೆ ಬರುತ್ತಾರೆ, ಇಬ್ಬರನ್ನೂ ಫಾರಂ 57ರ ಬಗ್ಗೆ ಒಂದೇ ಪ್ರಶ್ನೆ ಕೇಳಿ. ಯಾರು ಹೇಗೆ ಉತ್ತರ ಕೊಟ್ಟರು ನೋಡಿ. ಇಬ್ಬರಲ್ಲಿ ಯಾರೇ ಆಗಲಿ, "ನಾನು ನಮ್ಮ ಜನಕ್ಕೆ ಮಾತ್ರ" ಅಂದರೆ ಆಗ ಧರ್ಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಯಾಕಂದರೆ ಅದನ್ನು ತಂದು ಕಚೇರಿಯ ಮೇಜಿನ ಮೇಲೆ ಇಟ್ಟವರು ಅವರೇ. ಮನೆಯಲ್ಲಿ ನಮಾಜು ಮಾಡುತ್ತಾರೋ ಪೂಜೆ ಮಾಡುತ್ತಾರೋ ಅನ್ನುವುದರಿಂದ ನಿಮ್ಮ ಫೈಲು ಒಂದಿಂಚೂ ಸರಿಯುವುದಿಲ್ಲ.

"ಎಲ್ಲೂ ಹಾಗೆ ನಡೆಯಲ್ಲ ಮೇಡಂ, ಎಲ್ಲರೂ ಅವರವರನ್ನೇ ನೋಡೋದು" ಅಂದ. 2004ರ ಬೆಂಗಳೂರು ಉತ್ತರದ ಕತೆ ಹೇಳಿದೆ. ಹಿಂದೂಗಳೇ ಹೆಚ್ಚಿರುವ ಆ ಲೋಕಸಭಾ ಕ್ಷೇತ್ರದಿಂದ ಕಾಂಗ್ರೆಸ್ಸಿನ ಜಾಫರ್ ಷರೀಫ್ ಎಷ್ಟೋ ಸಲ ಗೆದ್ದಿದ್ದರು. ಅವರನ್ನು ಆ ವರ್ಷ ಸೋಲಿಸಿದ್ದು ಮಿಜೋರಾಂ ಮೂಲದ ಕ್ರೈಸ್ತ, ಪೊಲೀಸ್ ಅಧಿಕಾರಿಯಾಗಿದ್ದ ಸಾಂಗ್ಲಿಯಾನ, ಅದೂ ಬಿಜೆಪಿಯಿಂದ. ಸಾಂಗ್ಲಿಯಾನ ಹೆಸರು ಕೇಳಿ ಹುಡುಗನ ಮುಖ ಅರಳಿತು. ತಕ್ಷಣ, "ಅಲ್ಲಿ ಪಾರ್ಟಿ ನೋಡಿ ಹಾಕಿರ್ತಾರೆ" ಅಂದ.

"ಇರಬಹುದು. ನೋಡೋಕೆ ಬೇರೆ ಏನೋ ಇತ್ತಲ್ಲ, ನಾನು ಹೇಳಿದ್ದೂ ಅದೇ."

ಒಪ್ಪಿದ ಅಂತ ಬರೆಯಲಾರೆ. ಸುಮ್ಮನಾದ.

ಅವನಿಗೆ ಇನ್ನೊಂದು ಚಿಂತೆಯೂ ಇತ್ತು, ಬೂತಿನದು. ನಮ್ಮ ಬೂತಿನಲ್ಲಿ ಅವರಿಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತೆ, ಹುಡುಗರು ನಮ್ಮ ಮನೆಯತ್ತಲೇ ಬೊಟ್ಟು ಮಾಡುತ್ತಾರೆ ಅಂದ. ಬೂತ್‌ವಾರು ಲೆಕ್ಕ ಹೊರಗೆ ಬರುವುದು ನಿಜ. ಆದರೆ ಯಾರ ವೋಟು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಶಾರದಮ್ಮನಿಗೆ ವಿವಿಪ್ಯಾಟ್ ಚೀಟಿಯ, ಅಂದರೆ ಯಾರಿಗೆ ವೋಟು ಬಿತ್ತು ಅಂತ ಯಂತ್ರ ಅಚ್ಚುಮಾಡಿ ತೋರಿಸುವ ಚೀಟಿಯ, ಹೆದರಿಕೆ ಇತ್ತು. ಅದು ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸುತ್ತದೆ, ನಿಮಗೆ ಮಾತ್ರ. ಆಮೇಲೆ ಪೆಟ್ಟಿಗೆಗೆ ಬೀಳುತ್ತದೆ, ಅದರ ಮೇಲೆ ನಿಮ್ಮ ಹೆಸರಿರುವುದಿಲ್ಲ ಅಂತ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ.

ಮನೆಗೆ ನಾನು ಕೊಟ್ಟ ಸಲಹೆ ಸಣ್ಣದು. ಚುನಾವಣೆ ಮುಗಿಯುವವರೆಗೆ ಊಟದ ಹೊತ್ತಿನಲ್ಲಿ ಈ ವಿಷಯ ಬೇಡ. ರಸ್ತೆ, ಆಸ್ಪತ್ರೆ, ಫಾರಂ 57 ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ. ಆದರೆ "ಯಾರಿಗೆ ಹಾಕ್ತೀಯ" ಅಂತ ಒಬ್ಬರು ಇನ್ನೊಬ್ಬರನ್ನು ಕೇಳುವಂತಿಲ್ಲ, ಗಂಡ ಹೆಂಡತಿಯನ್ನೂ. ಸೊಸೆಗೆ ಈ ಮಾತು ಮುಟ್ಟಿಸಿ ಅಂತ ಒತ್ತಿ ಹೇಳಿದೆ. ಕುಟುಂಬದ ವಾಟ್ಸಾಪ್ ಗುಂಪನ್ನು ಫಲಿತಾಂಶದವರೆಗೆ ಮ್ಯೂಟ್ ಮಾಡಿ.

ಅದೇ ವಾರ ಮುಸ್ಲಿಂ ಯುವಕನೊಬ್ಬ ಬೇರೆ ವಿಷಯಕ್ಕೆ ಬಂದಿದ್ದ. ಮಾತಿನ ನಡುವೆ, "ನಮ್ಮವರು ನಿಂತಿದ್ದಾರೆ, ಹಾಕದಿದ್ರೆ ನಾನು ದ್ರೋಹಿಯಾ?" ಅಂದ. ಪ್ರಶ್ನೆ ಅದೇ, ದಿಕ್ಕು ಮಾತ್ರ ಬೇರೆ. ಅವನಿಗೆ ಇನ್ನೊಂದು ಭಾರವೂ ಇತ್ತು. ತಮ್ಮವರೊಬ್ಬರು ವಿಧಾನಸೌಧದಲ್ಲಿ ಕೂರಬೇಕು ಅನ್ನುವ ಆಸೆಯನ್ನು ಸಣ್ಣತನ ಅಂತ ನಾನು ಅನ್ನಲಾರೆ. ಹೆಂಗಸರಿಗೆ ಹೆಂಗಸು ಶಾಸಕಿ ಬೇಕು ಅನ್ನಿಸುವುದಿಲ್ಲವೇ? ಆಸೆ ಇರಲಿ, ಅದನ್ನು ಆಣೆ ಮಾಡಿಕೊಳ್ಳಬೇಡ ಅಂದೆ. ಅವನಿಗೂ ಅಫಿಡವಿಟ್ಟಿನ ಮನೆಪಾಠವೇ.

ಕೊನೆಗೆ ಉಳಿದದ್ದು ಶಾರದಮ್ಮನ ಆಣೆ. ಅದೆಲ್ಲ ಮೂಢನಂಬಿಕೆ ಅಂತ ಹೇಳಲಿಲ್ಲ. ಅವರ ದೇವರು ಅವರಿಗೆ ದೊಡ್ಡವನು, ಆ ನಂಬಿಕೆಯ ಮೇಲೆ ಕೈಹಾಕಲು ನಾನ್ಯಾರು? "ಕೈ ಇಟ್ಟಿದ್ದು ನೀವಾ, ನಿಮ್ಮ ಕೈಯನ್ನ ಇಡಿಸಿದ್ದಾ?" ಅಂತ ಮಾತ್ರ ಕೇಳಿದೆ. ಧರ್ಮದ ವಿಷಯದಲ್ಲಿ ನಿಮಗೆ ನಂಬಿಕೆ ಇರುವ ಹಿರಿಯರು ಇದ್ದರೆ ಅವರನ್ನೂ ಕೇಳಿ ಅಂದೆ. ಯಾರನ್ನು ಕೇಳಿದರೋ, ಗೊತ್ತಿಲ್ಲ.

ಜೂನ್‌ನಲ್ಲಿ ಕೊನೆಯ ಸಲ ಬಂದರು. ನಿದ್ದೆ ಪರವಾಗಿಲ್ಲ, ಬಿಪಿ ಹತೋಟಿಯಲ್ಲಿದೆ. ಮಗ ಹೊಸ ಶಾಸಕರ ಕಚೇರಿಗೆ ಅರ್ಜಿಯ ಎರಡು ಜೆರಾಕ್ಸ್ ಹಿಡಿದು ಹೋಗಿಬಂದಿದ್ದಾನೆ, ಕೆಲಸ ಇನ್ನೂ ಆಗಿಲ್ಲ. ಹಳದಿ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ತಪ್ಪುಕಾಣಿಕೆ ಕಟ್ಟಿ ದೇವರ ಮುಂದೆ ಇಟ್ಟಿದ್ದಾರಂತೆ. ಧರ್ಮಸ್ಥಳಕ್ಕೆ ಹೋದಾಗ ಹುಂಡಿಗೆ ಹಾಕುತ್ತಾರಂತೆ.

ಆಣೆ ತಪ್ಪಿದ್ದಕ್ಕಾ, ಆಣೆ ಇಟ್ಟಿದ್ದಕ್ಕಾ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಕುಕ್ಕರ್ ವಿಷಯ ಮಾತ್ರ ಹೇಳಿದರು. ಡಬ್ಬದಲ್ಲೇ ಇತ್ತಂತೆ, ಮೊನ್ನೆ ಸೊಸೆ ತವರಿಗೆ ತೆಗೆದುಕೊಂಡು ಹೋದಳಂತೆ.