ಪೆನ್ಷನ್ ಫಂಡಿನಲ್ಲಿ ದುಡ್ಡು ಕಡಿಮೆ ಇದೆಯಂತೆ, ಸಹಿ ಹಾಕಲಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಭಾಂಡುಪ್‌ನಲ್ಲಿ ಎಲ್‌ಬಿಎಸ್ ರಸ್ತೆಯ ಒಂದು ಕಾರ್ಖಾನೆಯಲ್ಲಿ 29 ವರ್ಷದಿಂದ ಇದ್ದೇನೆ. ಊರು ಕುಂದಾಪುರದ ಹತ್ತಿರ. ಇನ್ನು ಎರಡು ವರ್ಷಕ್ಕೆ ರಿಟೈರ್. ಪಿಎಫ್ ಬಿಟ್ಟು ಕಂಪನಿಯದೇ ಒಂದು ಪೆನ್ಷನ್ ಟ್ರಸ್ಟ್ ಇದೆ. ಕೊನೆಯ ಸಂಬಳ, ಸರ್ವಿಸ್ ನೋಡಿ ತಿಂಗಳಿಗೆ ಇಷ್ಟು ಅಂತ ಕೊಡಬೇಕು ಎಂದು ಯೂನಿಯನ್ ಮತ್ತು ಕಂಪನಿಯ ಹಳೆಯ ಒಪ್ಪಂದದಲ್ಲೇ (ಸೆಟಲ್ಮೆಂಟ್) ಬರೆದಿದೆ. ಹೋದ ತಿಂಗಳು ಗೇಟ್ ಮೀಟಿಂಗಿನಲ್ಲಿ ಯೂನಿಯನ್‌ನವರು, ಟ್ರಸ್ಟಿನಲ್ಲಿ ನೂರು ರೂಪಾಯಿ ಇರಬೇಕಾದ ಕಡೆ 62 ಮಾತ್ರ ಇದೆ ಅಂದರು. ಈಗ ಮ್ಯಾನೇಜ್ಮೆಂಟ್ ಒಂದು ಫಾರ್ಮ್ ಹಂಚಿದೆ. ಹಳೆಯ ಸ್ಕೀಮ್ ಮುಚ್ಚಿ, ಪ್ರತಿಯೊಬ್ಬರ ಹೆಸರಿಗೆ ಒಂದಿಷ್ಟು ದುಡ್ಡು ಇಟ್ಟು ಹೊಸ ಸ್ಕೀಮಿಗೆ ಹಾಕುತ್ತಾರಂತೆ. 50 ದಾಟಿದವರಿಗೆ ಮಾತ್ರ ಹಳೆಯದೇ ಮುಂದುವರಿಯುತ್ತದಂತೆ. ಹುಡುಗರಿಗೆಲ್ಲ ಸಿಟ್ಟು. ನಾನು ಸಹಿ ಹಾಕಲಾ? ದುಡ್ಡನ್ನು ಯಾರಾದರೂ ತಿಂದಿದ್ದಾರಾ?
– ಓದುಗರು, ಭಾಂಡುಪ್, ಮುಂಬೈ

ಉತ್ತರ: ಸದ್ಯಕ್ಕೆ ಸಹಿ ಹಾಕಬೇಡಿ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಮನಸ್ಸಿನ ಭಾರ ಸ್ವಲ್ಪ ಇಳಿಸುತ್ತೇನೆ.

ನಿಮ್ಮ ಎಲ್ಲ ದುಡ್ಡೂ ಈ ಟ್ರಸ್ಟಿನಲ್ಲಿಲ್ಲ. ಪಿಎಫ್ ಜೊತೆಗೆ ಬರುವ ಇಪಿಎಸ್-95 ಪೆನ್ಷನ್ ಬೇರೆ. ಕಂಪನಿ ಕಟ್ಟುವ ಪಾಲಿನಿಂದ ಸಂಬಳದ ಶೇ. 8.33, ಅಂದರೆ 15,000 ರೂಪಾಯಿ ಸಂಬಳದ ಮಿತಿಯಲ್ಲಿ ತಿಂಗಳಿಗೆ 1,250 ರೂಪಾಯಿ, ಪಿಎಫ್ ಇಲಾಖೆಯ ಪೆನ್ಷನ್ ಫಂಡಿಗೆ ಹೋಗುತ್ತದೆ. ಆ ಪೆನ್ಷನ್ ಸಣ್ಣದು, ನಿಜ. ಆದರೆ ನಿಮ್ಮ ಟ್ರಸ್ಟಿನ ಕೊರತೆ ಅದನ್ನು ಮುಟ್ಟುವುದಿಲ್ಲ. ಗ್ರಾಚ್ಯುಟಿ ಕೂಡ ಹಾಗೆಯೇ. ಅದು ಕಾನೂನಿನ ಸಾಲ. ಫಂಡಿನಲ್ಲಿ ಇರಲಿ ಬಿಡಲಿ, ಕಂಪನಿ ಕೊಡಲೇಬೇಕು. ಈಗ ಪ್ರಶ್ನೆ ಇರುವುದು ಮೂರನೆಯದರ ಬಗ್ಗೆ. ಅದು ನಿಮ್ಮ ಯೂನಿಯನ್ ಹೋರಾಡಿ ಪಡೆದ ಪೆನ್ಷನ್.

ದುಡ್ಡು ತಿಂದಿದ್ದಾರಾ ಅಂತ ಕೇಳಿದ್ದೀರಿ. ಲೆಕ್ಕ ನೋಡದೆ ಯಾರ ಮೇಲೂ ಹೇಳಬಾರದು. ಯಾರೂ ಮುಟ್ಟದೆ ಕೂಡ ಕೊರತೆ ಬರುತ್ತದೆ. ಇಪ್ಪತ್ತು ವರ್ಷದ ನಂತರ ಒಬ್ಬರಿಗೆ ಒಂದು ಲಕ್ಷ ಕೊಡಬೇಕು ಅಂದುಕೊಳ್ಳಿ. ಬಡ್ಡಿ ಶೇ. 8 ಸಿಗುತ್ತದೆ ಅಂದರೆ ಇವತ್ತು 21,455 ರೂಪಾಯಿ ಇಟ್ಟರೆ ಸಾಕು. ಬಡ್ಡಿ ಶೇ. 6ಕ್ಕೆ ಇಳಿದರೆ? ಅದೇ ಒಂದು ಲಕ್ಷಕ್ಕೆ ಇವತ್ತು 31,180 ಬೇಕು. ಪೆನ್ಷನ್ ಬಾಕಿಯ ಲೆಕ್ಕ ಹಾಕುವ ಆಕ್ಚುವರಿ ಹಿಡಿಯುವುದು ಸರ್ಕಾರಿ ಬಾಂಡಿನ ಬಡ್ಡಿಯನ್ನು. ಹತ್ತು ವರ್ಷದ ಬಾಂಡಿನ ಬಡ್ಡಿ 2014ರ ಆರಂಭದಲ್ಲಿ ಶೇ. 8.5ಕ್ಕಿಂತ ಜಾಸ್ತಿ ಇತ್ತು. 2020ರಲ್ಲಿ ಶೇ. 6ರ ಆಸುಪಾಸಿಗೆ ಬಂತು. ಅದರ ಮೇಲೆ ಜನ ಹೆಚ್ಚು ವರ್ಷ ಬದುಕುತ್ತಿದ್ದಾರೆ, ಅದು ಸಂತೋಷದ ವಿಷಯವೇ. ಆದರೆ ಪ್ರತಿ ವರ್ಷ ಆಕ್ಚುವರಿ 'ಇಷ್ಟು ಹಾಕಿ' ಅಂತ ಬರೆದುಕೊಟ್ಟಿದ್ದನ್ನು ಕಂಪನಿ ಹಾಕಿದೆಯಾ? ನೀವು ಕೇಳಬೇಕಾದ ಪ್ರಶ್ನೆ ಇದು. ಬಡ್ಡಿ ಇಳಿದದ್ದು ಯಾರ ತಪ್ಪೂ ಅಲ್ಲ. ಹಾಕಬೇಕಾದ್ದನ್ನು ಹಾಕದಿದ್ದರೆ ಅದು ತಪ್ಪು.

ನಿಮ್ಮ ಕಂಪನಿ ಷೇರು ಮಾರುಕಟ್ಟೆಯಲ್ಲಿದ್ದರೆ ಇದರ ಸುಳಿವು ವಾರ್ಷಿಕ ವರದಿಯಲ್ಲೇ ಸಿಗುತ್ತದೆ. ಮಗನಿಗೋ ಮಗಳಿಗೋ ಹೇಳಿ ಕಂಪನಿಯ ವೆಬ್‌ಸೈಟಿನಿಂದ ತೆಗೆಸಿ. ಮುಂದಿನ ಬಣ್ಣದ ಪುಟಗಳನ್ನು ಬಿಡಿ. ಹಿಂದೆ, ಲೆಕ್ಕಪತ್ರದ ಟಿಪ್ಪಣಿಗಳಲ್ಲಿ, ನೌಕರರ ಸೌಲಭ್ಯದ ಬಗ್ಗೆ ಒಂದು ಪಟ್ಟಿ ಇರುತ್ತದೆ. ಒಂದು ಸಾಲಿನಲ್ಲಿ ಕೊಡಬೇಕಾದ ಬಾಕಿಯ ಇವತ್ತಿನ ಬೆಲೆ. ಇನ್ನೊಂದರಲ್ಲಿ ಫಂಡಿನಲ್ಲಿರುವ ಆಸ್ತಿಯ ಬೆಲೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಐದು ವರ್ಷದ ವರದಿ ಸಾಲಾಗಿ ಇಟ್ಟು ನೋಡಿ. ಕೊರತೆ ಮೆಲ್ಲಗೆ ಬೆಳೆದಿದೆಯಾ, ಒಂದೇ ವರ್ಷ ಧಡಕ್ಕನೆ ಬಂದಿದೆಯಾ, ಕಂಪನಿ ಯಾವ ವರ್ಷ ಎಷ್ಟು ಹಾಕಿದೆ, ಎಲ್ಲ ಕಾಣುತ್ತದೆ. ಪೆನ್ಸಿಲ್ ಹಿಡಿದು ಕೂತರೆ ಒಂದು ಭಾನುವಾರದ ಕೆಲಸ.

ಇನ್ನು ಆ 62ರ ಮಾತು. ಇದನ್ನು ನಿಮ್ಮ ಕಮಿಟಿಯ ಪ್ರತಿಯೊಬ್ಬರಿಗೂ ಹೇಳಿ. ಹತ್ತು ಜನ ಇದ್ದಾರೆ, ಒಬ್ಬೊಬ್ಬರಿಗೆ ಹತ್ತು ರೂಪಾಯಿ ಬರಬೇಕು ಅಂದುಕೊಳ್ಳಿ. ಡಬ್ಬಿಯಲ್ಲಿರುವುದು 62. ಇಂಥ ಟ್ರಸ್ಟುಗಳು ಸಾಮಾನ್ಯವಾಗಿ ರಿಟೈರ್ ಆಗುವಾಗ ಎಲ್‌ಐಸಿಯಂಥ ವಿಮಾ ಕಂಪನಿಗೆ ಪೂರ್ತಿ ದುಡ್ಡು ಕಟ್ಟಿ ಆನ್ಯುಟಿ, ಅಂದರೆ ಬದುಕಿರುವವರೆಗೆ ಪೆನ್ಷನ್ ಕೊಡುವ ಪಾಲಿಸಿ, ಕೊಳ್ಳುತ್ತವೆ. ಹಾಗಾಗಿ ಮೊದಲು ರಿಟೈರ್ ಆದ ಆರು ಜನ ತಲಾ ಹತ್ತು ತೆಗೆದುಕೊಂಡು ಮನೆಗೆ ಹೋದರು. ಏಳನೆಯವನಿಗೆ ಉಳಿದದ್ದು ಎರಡು. ಎಂಟು, ಒಂಬತ್ತು, ಹತ್ತನೆಯವರಿಗೆ ಖಾಲಿ ಡಬ್ಬಿ. ನಿಮಗೆ ಇನ್ನು ಎರಡೇ ವರ್ಷ. ಅಂದರೆ ನೀವು ಆ ಆರು ಜನರಲ್ಲಿದ್ದೀರಿ. ಆ ಫಾರ್ಮ್ ನಿಮಗೆ ಚೆನ್ನಾಗಿಯೇ ಕಾಣುತ್ತದೆ. ಕಾಣಲಿ ಅಂತಲೇ ಹಾಗೆ ಬರೆದಿರುತ್ತಾರೆ. 50 ದಾಟಿದವರು ಸುಮ್ಮನಾದರೆ ಯೂನಿಯನ್ ಅಲ್ಲೇ ಎರಡು ಹೋಳು. ನಿಮ್ಮ ಪಕ್ಕದ ಮೆಷಿನ್‌ನಲ್ಲಿ ನಿಂತಿರುವ ಮೂವತ್ತು ವರ್ಷದ ಹುಡುಗ ಹತ್ತನೆಯವನು. ಅವನನ್ನು ಬಿಟ್ಟು ನೀವು ಸಹಿ ಹಾಕಬಾರದು ಅಂತ ನನಗೆ ಬಲವಾಗಿ ಅನಿಸುತ್ತದೆ. ನಿಮ್ಮ ಲಾಭಕ್ಕೂ ಇದೇ ಸರಿ. ಎರಡು ವರ್ಷದಲ್ಲಿ ಡಬ್ಬಿ ಇನ್ನೂ ಇಳಿದರೆ ಏಳನೆಯವರು ನೀವೇ ಆಗಬಹುದು, ಅಲ್ವಾ?

ಕಂಪನಿ ಮುಳುಗಿದರೆ ಏನು ಅನ್ನುವ ಭಯವೂ ಇರುತ್ತದೆ. 2016ರ ದಿವಾಳಿ ಸಂಹಿತೆಯ 36ನೇ ಸೆಕ್ಷನ್ ಪ್ರಕಾರ ಪಿಎಫ್, ಪೆನ್ಷನ್, ಗ್ರಾಚ್ಯುಟಿ ಫಂಡಿನಿಂದ ಕಾರ್ಮಿಕರಿಗೆ ಬರಬೇಕಾದ ದುಡ್ಡು, ಸಾಲ ಕೊಟ್ಟ ಬ್ಯಾಂಕುಗಳ ಪಾಲಿಗೆ ಹೋಗುವುದಿಲ್ಲ. ಎಬಿಜಿ ಶಿಪ್‌ಯಾರ್ಡ್ ಕಾರ್ಮಿಕರ ಕೇಸಿನಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಹಾಗಾಗಿ ಒಳಗಿರುವ 62ಕ್ಕೆ ರಕ್ಷಣೆ ಇದೆ. ಒಳಗೆ ಬಾರದೇ ಉಳಿದ 38ಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗಬಹುದು. ಅದಕ್ಕೇ ಹೇಳುವುದು, ತಿಂಗಳಿಗೆ ಎಷ್ಟು ಪೆನ್ಷನ್ ಅನ್ನುವ ಜಗಳ ಆಮೇಲೆ. ಮೊದಲು ಆ 38 ಟ್ರಸ್ಟಿನ ಒಳಗೆ ಬರಬೇಕು. ಒಂದೇ ಸಲ ಆಗದಿದ್ದರೆ ಕಂತಿನಲ್ಲಿ ಬರಲಿ. ಆದರೆ ಯಾವ ತಾರೀಕಿಗೆ ಎಷ್ಟು ಅಂತ ಸೆಟಲ್ಮೆಂಟಿನಲ್ಲಿ ಬರೆದಿರಬೇಕು. 'ಪರಿಸ್ಥಿತಿ ನೋಡಿಕೊಂಡು' ಅನ್ನುವ ಮಾತು ಅದರಲ್ಲಿ ಇರಬಾರದು.

ಕಾರ್ಮಿಕರೂ ಸ್ವಲ್ಪ ಹಾಕಿ ಅಂತ ಮ್ಯಾನೇಜ್ಮೆಂಟ್ ಕೇಳಬಹುದು. ಕೇಳಿದ ಕೂಡಲೇ ಸಿಟ್ಟಾಗಬೇಡಿ. ನಮ್ಮ ಮುಂಬೈ ಕನ್ನಡಿಗರಲ್ಲಿ ಬ್ಯಾಂಕಿನವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು 2010ರ ಏಪ್ರಿಲ್ 27ರ ಬ್ಯಾಂಕ್ ಪೆನ್ಷನ್ ಒಪ್ಪಂದದ ಬಗ್ಗೆ ಕೇಳಿ. ಹಿಂದೆ ಪಿಎಫ್ ಸಾಕು ಅಂದವರಿಗೆ ಪೆನ್ಷನ್ನಿಗೆ ಬರಲು ಆಗ ಇನ್ನೊಂದು ಅವಕಾಶ ಸಿಕ್ಕಿತು. ಅದರಿಂದ ಬಿದ್ದ ಹೊರೆಯಲ್ಲಿ ಶೇ. 30 ನೌಕರರ ಪಾಲು. ಕೆಲಸದಲ್ಲಿದ್ದವರು 2007ರ ನವೆಂಬರ್ ತಿಂಗಳ ಪರಿಷ್ಕೃತ ಸಂಬಳದ 2.8 ಪಟ್ಟು ಕೊಟ್ಟರು. ಕೊಟ್ಟದ್ದಕ್ಕೆ ಬದಲಾಗಿ ಜೀವಮಾನದ ಪೆನ್ಷನ್ ಲಿಖಿತದಲ್ಲಿ ಸಿಕ್ಕಿತು. ಆದರೆ 2010ರ ಏಪ್ರಿಲ್ 1ರಿಂದ ಸೇರಿದ ಹುಡುಗರು, ತಿಂಗಳಿಗೆ ಇಷ್ಟು ಅಂತ ಖಾತರಿ ಇಲ್ಲದ ಎನ್‌ಪಿಎಸ್‌ಗೆ ಹೋದರು. ಆ ನೋವು ಇವತ್ತಿಗೂ ಇದೆ. ನೀವು ಮಾತುಕತೆಗೆ ಕೂತಾಗ ಇವೆರಡೂ ನೆನಪಿರಲಿ.

ಸಹಿಯ ಒತ್ತಡ ಜಾಸ್ತಿ ಆದರೆ ಇದನ್ನು ಹೇಳಿ: ಪೆನ್ಷನ್ ಫಂಡಿಗೆ ಕಂಪನಿ ಕಟ್ಟುವ ಪಾಲನ್ನು ಬದಲಿಸಬೇಕಾದರೆ 21 ದಿನ ಮೊದಲು ನೋಟಿಸ್ ಬೇಕು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 9ಎ ಸೆಕ್ಷನ್ ಅಂತ ಇದ್ದದ್ದು ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿದೆ. ನಿಮ್ಮ ಹಳೆಯ ಸೆಟಲ್ಮೆಂಟಿನ ಪ್ರತಿ ಜೊತೆಗಿಟ್ಟು ಒಬ್ಬ ಕಾರ್ಮಿಕ ವಕೀಲರಿಗೆ ತೋರಿಸಿ. ಫಾರ್ಮಿನಲ್ಲಿ 'ಮುಂದೆ ಯಾವ ಹಕ್ಕೂ ಇರುವುದಿಲ್ಲ' ಅನ್ನುವ ಅರ್ಥದ ಸಾಲು ಇದೆಯಾ ಹುಡುಕಿ. ಸಾಮಾನ್ಯವಾಗಿ ಸಹಿಯ ಜಾಗಕ್ಕಿಂತ ಸ್ವಲ್ಪ ಮೇಲೆಯೇ ಇರುತ್ತದೆ.

ನಾಳೆಯೇ ಮಾಡಬಹುದಾದ ಕೆಲಸ ಒಂದಿದೆ. ಅರ್ಜಿಯನ್ನು ಕಂಪನಿಗಲ್ಲ, ಟ್ರಸ್ಟಿಗಳಿಗೆ ಬರೆಯಿರಿ. ಮೂರು ಕಾಗದ ಕೇಳಿ: ಟ್ರಸ್ಟ್ ಡೀಡ್ (ಟ್ರಸ್ಟಿನ ನಿಯಮ ಬರೆದ ಪತ್ರ), ಕಳೆದ ಐದು ವರ್ಷದ ಆಡಿಟ್ ಆದ ಲೆಕ್ಕ, ಆಕ್ಚುವರಿಯ ವರದಿಗಳು. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಟ್ರಸ್ಟಿನ ಫಲಾನುಭವಿಗೆ ಡೀಡ್, ಲೆಕ್ಕ, ಟ್ರಸ್ಟಿಗಳು ಪಡೆದ ಸಲಹೆ ಇವನ್ನು ನೋಡುವ, ನಕಲು ಪಡೆಯುವ ಹಕ್ಕಿದೆ. ಸೆಕ್ಷನ್ ನಂಬರ್ ಅರ್ಜಿಯಲ್ಲೇ ಬರೆಯಿರಿ. ಟ್ರಸ್ಟಿಗಳಲ್ಲಿ ಕಾರ್ಮಿಕರ ಕಡೆಯವರು ಇದ್ದರೆ ಅವರ ಮನೆಗೇ ಹೋಗಿ ಮಾತಾಡಿ, ಅವರೂ ನಿಮ್ಮವರೇ. ಒಬ್ಬರೇ ಬರೆಯಬೇಡಿ. ನಿಮ್ಮ ಸಹಿಯ ಕೆಳಗೆ ಆ ಮೂವತ್ತು ವರ್ಷದ ಹುಡುಗನ ಸಹಿಯೂ ಇರಲಿ. ಕೊಟ್ಟು ಬರುವಾಗ ನಕಲಿನ ಮೇಲೆ ತಾರೀಕಿನ ಜೊತೆ ಇನ್‌ವರ್ಡ್ ಸ್ಟಾಂಪ್ ಹಾಕಿಸಿಕೊಂಡೇ ಬನ್ನಿ.